ಬಿಲ್ಲೆಯ ತೂತು ಮುಚ್ಚುವ ವರ್ಲಿನ್

“ಈ ಮುದುಕ ನಲವತ್ತೈದು ವರ್ಷದಿಂದ ಊರವರ ತೂತೆಲ್ಲ ಮುಚ್ಚಿದಾನೆ, ತನ್ನ ಜೇಬಿನದೊಂದು ಮುಚ್ಕೊಳ್ಳೋಕೆ ಆಗ್ಲಿಲ್ಲ. ಈಗ ಬೆಳಿಗ್ಗೆ ಬೆಳಿಗ್ಗೇನೇ ನನ್ನ ಮಾಲು ಮುಟ್ಟೋಕೆ ಬಂದಿದಾನೆ. ನೋಡಿ, ಗಾಜಿನ ಮೇಲೆ ಕೈ ಇಟ್ಟಲ್ಲೆಲ್ಲ ಮಸಿ.”

ವ್ಯಾಪಾರಿ ಡ್ವೈಟ್ ಕೆಸಿಂಜರ್ ಇದನ್ನು ಮೆಲ್ಲಗೆ ಹೇಳುವುದಿಲ್ಲ. ಹತ್ತು ಹನ್ನೆರಡು ಜನ ಸುತ್ತ ನಿಂತಿದ್ದಾರೆ, ಎಲ್ಲರ ಕೈಯಲ್ಲೂ ಕಾಗದದ ಲೋಟದ ಕಾಫಿ. ಇಬ್ಬರು ಲೋಟದೊಳಗೇ ನಗುತ್ತಾರೆ. ವರ್ಲಿನ್ ಹೊಸ್ಟೆಟ್ಲರ್ ಕೇಳಿದ್ದು ಒಂದೇ ಮಾತು, ಮೇಲಿನ ಸಾಲಿನ ಮೂರನೆಯ ಬಿಲ್ಲೆಯನ್ನು ಒಂದು ಗಳಿಗೆ ಕೈಗೆ ಕೊಡುತ್ತೀಯಾ ಅಂತ. ಅವರು ಗಾಜಿನ ಮೇಲಿನ ತಮ್ಮ ಬೆರಳಚ್ಚನ್ನು ಅಂಗಿಯ ತೋಳಿನಿಂದ ಒರೆಸುತ್ತಾರೆ. ಚೊಕ್ಕವಾಯಿತೇ ಎಂದು ಬಗ್ಗಿ ನೋಡಿ ತಮ್ಮ ಜಾಗಕ್ಕೆ ಹೊರಡುತ್ತಾರೆ.

ಆರೂ ಮುಕ್ಕಾಲು. ಅಕ್ಟೋಬರಿನ ಶನಿವಾರ. ಇಂಡಿಯಾನಾದ ಪೂರ್ವದಂಚಿನ ರಿಚ್ಮಂಡಿನಲ್ಲಿ, ಬೇಸಿಗೆಯಲ್ಲಿ ದನಗಳ ಸ್ಪರ್ಧೆ ನಡೆಯುವ ಉದ್ದನೆಯ ತಗಡಿನ ಶೆಡ್ಡಿನಲ್ಲಿ ಇವತ್ತು ನಾಣ್ಯಗಳ ಸಂತೆ. ಎಷ್ಟು ತೊಳೆದರೂ ಹಸುವಿನ ವಾಸನೆ ಹೋಗುವುದಿಲ್ಲ. ಅದರ ನಡುವೆಯೇ ಮೇಜು, ಮೇಜಿನ ಮೇಲೆ ಕಪ್ಪು ಮಖಮಲ್ಲು, ಮಖಮಲ್ಲಿನ ಮೇಲೆ ಬಿಲ್ಲೆಗಳಲ್ಲಿ ಅಚ್ಚಾದ ಅಮೆರಿಕದ ಅಧ್ಯಕ್ಷರು. ಗೆದ್ದವರು, ಸೋತವರು, ಗುಂಡೇಟು ತಿಂದವರು ಎಲ್ಲರೂ ಗಾಜಿನ ಕೆಳಗೆ ಸಾಲಾಗಿ ಮಲಗಿದ್ದಾರೆ. ಜನರನ್ನು ಒಳಗೆ ಬಿಡುವುದು ಒಂಬತ್ತಕ್ಕೆ. ಅಲ್ಲಿಯವರೆಗೆ ವ್ಯಾಪಾರಿಗಳು ತಮ್ಮತಮ್ಮಲ್ಲೇ ಕೊಟ್ಟು ಕೊಳ್ಳುತ್ತಾರೆ. ನಿಜವಾದ ವ್ಯಾಪಾರ ಆಗಲೇ ಮುಗಿದಿರುತ್ತದೆ.

ವರ್ಲಿನ್ ವ್ಯಾಪಾರಿ ಅಲ್ಲ. ಅದಕ್ಕೇ ಅವರಿಗೆ ಕೊಟ್ಟ ಜಾಗ ಪಾಯಿಖಾನೆಯ ಬಾಗಿಲ ಪಕ್ಕ. ಇಸ್ಪೀಟಾಡುವ ಮಡಚು ಮೇಜು, ಕತ್ತು ಬಗ್ಗಿಸಿದ ದೀಪ, ಬಿಲ್ಲೆಯನ್ನು ಬಿಗಿದು ಹಿಡಿಯುವ ಅಂಗೈಯಗಲದ ಹಿಡಿಗಟ್ಟೆ, ಏಳು ಉಳಿ. ಎಪ್ಪತ್ತೆರಡು ವರ್ಷದ ಈ ಮನುಷ್ಯ ಕೂತ ಕೂಡಲೇ ದೀಪ ಹಾಕಿ, ಬಲಗಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೆಲಸಕ್ಕೆ ಬಗ್ಗುತ್ತಾರೆ.

ಕೆಲಸ ಏನೆಂದರೆ, ತೂತು ಮುಚ್ಚುವುದು.

ಹತ್ತೊಂಬತ್ತನೆಯ ಶತಮಾನದಲ್ಲಿ ಚುನಾವಣೆ ಬಂತೆಂದರೆ ಹಿತ್ತಾಳೆಯ ಬಿಲ್ಲೆಗಳನ್ನು ರಾಶಿರಾಶಿ ಅಚ್ಚು ಹಾಕುತ್ತಿದ್ದರು. ಒಂದು ಕಡೆ ಅಭ್ಯರ್ಥಿಯ ಮುಖ. ಇನ್ನೊಂದು ಕಡೆ ಮರದ ದಿಮ್ಮಿಯ ಗುಡಿಸಲೋ, ಸೇಬಿನ ಹೆಂಡದ ಪೀಪಾಯಿಯೋ, ಕೊಡಲಿ ಹಿಡಿದ ಆಳೋ. ಕೊಂಡವನು ಮನೆಗೆ ಹೋಗಿ, ಅಡುಗೆಮನೆಯ ಮೆಟ್ಟಿಲ ಮೇಲಿಟ್ಟು, ಮೊಳೆಯಿಂದ ತೂತು ಹೊಡೆದು, ರಿಬ್ಬನ್ ಕಟ್ಟಿ ಕೋಟಿನ ಮೇಲೆ ತೂಗುಹಾಕಿಕೊಳ್ಳುತ್ತಿದ್ದ. ಇಂಥವನಿಗೆ ನನ್ನ ಓಟು ಅಂತ ಬೀದಿಯಲ್ಲಿ ಎದೆ ತೋರಿಸಿಕೊಂಡು ಓಡಾಡುತ್ತಿದ್ದ. ಕೆಲವರ ಗುರಿ ತಪ್ಪಿ ಮೊಳೆ ಅಭ್ಯರ್ಥಿಯ ಹಣೆಗೇ ಹೋಗಿದೆ. ಚುನಾವಣೆಯಲ್ಲಿ ಸೋತ, ಮೂಗಿಗೂ ಹೊಡೆಸಿಕೊಂಡ ಫ್ರೀಮಾಂಟ್ ಒಬ್ಬ ಇವತ್ತು ವರ್ಲಿನ್ನರ ಮೇಜಿನ ಮೇಲೇ ಇದ್ದಾನೆ.

ಈಗ ಸಂಗ್ರಹಕಾರರಿಗೆ ಆ ತೂತು ಬೇಡ. ತೂತಿದ್ದರೆ ನಲವತ್ತು ಡಾಲರ್, ಇಲ್ಲದಿದ್ದರೆ ನಾನೂರು. ಅಧ್ಯಕ್ಷನ ಮುಖ ಬೇಕು, ಅವನನ್ನು ಎದೆಗೆ ನೇತುಹಾಕಿಕೊಂಡು ಕೆಸರಿನಲ್ಲಿ ನಡೆದವನ ಗುರುತು ಬೇಡ. ನಮಗೆ ಶಾಲೆಯಲ್ಲಿ ಹೇಳಿಕೊಟ್ಟ ಇತಿಹಾಸವೂ ಇದೇ ಥರದ್ದು. ಮುಖಗಳ ಪಟ್ಟಿ ಬಾಯಿಪಾಠ ಮಾಡಿಸಿದರು, ಮೊಳೆ ಹೊಡೆದವರು ಯಾರೆಂದು ಹೇಳಲಿಲ್ಲ.

ವರ್ಲಿನ್ ಮುಚ್ಚುವ ರೀತಿ ನೋಡಬೇಕು. ಬೆಸುಗೆ ಹಾಕುವುದಿಲ್ಲ, ಹಾಕಿದರೆ ಗೆರೆ ಕಾಣುತ್ತದೆ. ಓದಲಾಗದಷ್ಟು ಸವೆದ, ಅದೇ ಕಾಲದ ಬಿಲ್ಲೆಯೊಂದರಿಂದ ಚೂರು ಕತ್ತರಿಸಿ, ಅರೆದು, ತೂತಿಗೆ ಬಿಗಿಯಾಗಿ ಕೂರಿಸಿ, ಎರಡೂ ಕಡೆಯಿಂದ ಪುಟ್ಟ ಸುತ್ತಿಗೆಯಲ್ಲಿ ಬಡಿಯುತ್ತಾರೆ. ಹೋದ ಅಕ್ಷರ, ಹೋದ ನಕ್ಷತ್ರ, ಹೋದ ಕೂದಲ ಎಳೆ ಎಲ್ಲವನ್ನೂ ಉಳಿಯಿಂದ ಮತ್ತೆ ಕೆತ್ತುತ್ತಾರೆ. ಹೊಸ ಗಾಯದ ಹೊಳಪು ಹೋಗಬೇಕಲ್ಲ, ಅದಕ್ಕೆ ಬೇಯಿಸಿದ ಮೊಟ್ಟೆ. ಬಿಸಿ ಮೊಟ್ಟೆಯನ್ನು ಹೋಳು ಮಾಡಿ, ಬಿಲ್ಲೆಯ ಜೊತೆ ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಿದರೆ ಮಾರನೆಯ ದಿನಕ್ಕೆ ಹಿತ್ತಾಳೆ ನೂರು ವರ್ಷದ ಕಂದು ಬಣ್ಣಕ್ಕೆ ತಿರುಗಿರುತ್ತದೆ.

“ಮೊಟ್ಟೆ ಏನ್ಮಾಡ್ತೀರಿ?” ಎಂದು ಕೇಳುತ್ತೇನೆ, ಇವರ ಬಗ್ಗೆ ಬರೆಯಲು ಬಂದಿರುವ ನಾನು.

“ಮೊದಮೊದಲು ತಿಂತಿದ್ದೆ” ಎನ್ನುತ್ತಾರೆ. “ನಮ್ಮನೆಯವಳು ಬೈದಳು. ಅಧ್ಯಕ್ಷರ ಜೊತೆ ರಾತ್ರಿಯೆಲ್ಲ ಮಲಗಿದ್ದ ಮೊಟ್ಟೆ, ಹೊಟ್ಟೆ ಕೆಟ್ಟರೆ ನಾನು ಔಷಧಿ ಕೊಡಲ್ಲ ಅಂದಳು. ಈಗ ನಾಯಿಗೆ ಹಾಕ್ತೀನಿ.”

ಒಂದು ತೂತಿಗೆ ಮೂರು ಗಂಟೆ, ಕೂಲಿ ಮೂವತ್ತೈದು ಡಾಲರ್. ವಾರಕ್ಕೆ ಮೂರೋ ನಾಲ್ಕೋ. ಮನೆಯಲ್ಲಿ ಹದಿನಾರು ನೋಟುಪುಸ್ತಕ ಇವೆ, ಮುಚ್ಚಿದ ಪ್ರತಿಯೊಂದು ಬಿಲ್ಲೆಯನ್ನೂ ಕಾಗದದಡಿ ಇಟ್ಟು ಪೆನ್ಸಿಲು ಉಜ್ಜಿ ತೆಗೆದ ಪಡಿಯಚ್ಚು ಸಮೇತ. ಏಳು ಸಾವಿರದ ಮೇಲೆ. ದೊಡ್ಡ ಹರಾಜು ಮನೆಗಳ ಹೊಳೆಯುವ ಹಾಳೆಯ ಕ್ಯಾಟಲಾಗುಗಳಲ್ಲಿ ಇವರ ಕೈ ದಾಟಿ ಬಂದ ಬಿಲ್ಲೆಗಳ ಚಿತ್ರ ನಾನೇ ನೋಡಿದ್ದೇನೆ. ಇವರ ಹೆಸರು ಒಂದರಲ್ಲೂ ಇಲ್ಲ. ಮುಚ್ಚಿದ್ದು ಕಂಡರೆ ಕೆಲಸ ಕೆಟ್ಟಿತು ಅನ್ನುತ್ತಾರೆ. ಕಾಣದಿದ್ದರೆ ಮುಚ್ಚಿದವನೇ ಇಲ್ಲ.

ಆದರೆ ವರ್ಲಿನ್ ಒಂದು ಗುರುತು ಬಿಡುತ್ತಾರೆ. ಮುಚ್ಚಿದ ಜಾಗದ ನೇರಕ್ಕೆ, ಬಿಲ್ಲೆಯ ದಪ್ಪದಂಚಿನ ಮೇಲೆ, ಸೂಜಿಯ ಮೊನೆಯಷ್ಟು ಒಂದು ಚುಕ್ಕೆ. ಹುಡುಕಿದವನಿಗೆ ಸಿಗುತ್ತದೆ. ಈ ಬಿಲ್ಲೆಗೆ ತೂತಿತ್ತು, ಮುಚ್ಚಲಾಗಿದೆ, ತಿಳಿದೇ ಕೊಳ್ಳಿ ಎಂದು ಅದರ ಅರ್ಥ. ಈ ಸಂತೆಗಳಲ್ಲಿ ಎಲ್ಲರಿಗೂ ಅದು ಗೊತ್ತು. ಕೆಲವು ವ್ಯಾಪಾರಿಗಳು ಚುಕ್ಕೆ ಬೇಡ ಅನ್ನುತ್ತಾರೆ, ಕೂಲಿಯ ಮೇಲೆ ನೂರು ಜಾಸ್ತಿ ಕೊಡುತ್ತೇವೆ ಅನ್ನುತ್ತಾರೆ. ವರ್ಲಿನ್ ಬಿಲ್ಲೆಯನ್ನು ಹಾಗೇ ವಾಪಸ್ಸು ಕೊಡುತ್ತಾರೆ.

ಪಕ್ಕದ ಸಾಲಿನಲ್ಲಿ ಇಮೋಜೀನ್ ಪ್ರೂಯಿಟ್ ಎಂಬ ದಪ್ಪ ಹೆಂಗಸಿನ ಮೇಜಿದೆ. ಎಪ್ಪತ್ತು ದಾಟಿದೆ, ಬಾಯಿಗೆ ಬೀಗವಿಲ್ಲ. ಅಧ್ಯಕ್ಷ ಜಾಕ್ಸನ್ನನನ್ನು ಕತ್ತೆಯಾಗಿಯೂ ಅವನ ನಂತರ ಅಧ್ಯಕ್ಷನಾದ ವ್ಯಾನ್ ಬ್ಯೂರನ್ನನನ್ನು ಬೆನ್ನ ಮೇಲೆ ತಿಜೋರಿ ಹೊತ್ತ ಆಮೆಯಾಗಿಯೂ ಅಣಕಿಸುವ, ಸಾವಿರದ ಎಂಟುನೂರ ಮೂವತ್ತರ ದಶಕದ ತಾಮ್ರದ ಬಿಲ್ಲೆಗಳೇ ಆಕೆಯ ಮಾಲು.

“ಹೊಗಳೋ ಬಿಲ್ಲೆ ಯಾರಿಗೆ ಬೇಕಪ್ಪ” ಎನ್ನುತ್ತಾಳೆ. “ಬೈಯೋದನ್ನ ತಂದಿಡು, ಹನ್ನೊಂದು ಗಂಟೆಗೆ ಖಾಲಿ. ಈ ದೇಶದಲ್ಲಿ ನಾನು ಮೂವತ್ತು ವರ್ಷ ಹೊಟ್ಟೆ ಹೊರೆದಿದ್ದು ಜಾಕ್ಸನ್ನನ್ನ ಬೈದಿದ್ದರಿಂದ.” ಆಮೇಲೆ ವರ್ಲಿನ್ ಕಡೆ ಗಲ್ಲ ತೋರಿಸಿ, “ಆ ಮನುಷ್ಯನ್ನ ಬರೀತೀಯಲ್ಲ, ನೆಟ್ಟಗೆ ಬರಿ. ಸಂತ ಗಿಂತ ಅಂತೆಲ್ಲ ಬರೀಬೇಡ. ಒಂದ್ಸಲ ಅವನೂ ತಪ್ಪು ಮಾಡಿದಾನೆ. ಕೇಳು ಅವನನ್ನೇ” ಎನ್ನುತ್ತಾಳೆ.

ಕೇಳುತ್ತೇನೆ. ಅವರು ಉಳಿ ಕೆಳಗಿಡುತ್ತಾರೆ.

ವರ್ಲಿನ್ ಹದಿನೆಂಟಕ್ಕೇ ಇಲ್ಲಿನ ಒಂದು ಶವಪೆಟ್ಟಿಗೆ ಕಾರ್ಖಾನೆ ಸೇರಿದವರು. ಮುಚ್ಚಳದ ಮೇಲಿನ ಲೋಹದ ಪಟ್ಟಿಗೆ ಸತ್ತವರ ಹೆಸರು ಕೆತ್ತುವ ಕೆಲಸ. ಉಳಿ ಹಿಡಿಯುವುದು ಕಲಿತದ್ದು ಅಲ್ಲಿ. ಮದುವೆಯಾದದ್ದು ನಡೀನ್ ಎಂಬ ಹುಡುಗಿಯನ್ನು. ನಡೀನಳ ಮನೆಯಲ್ಲಿ ಒಂದೇ ಒಂದು ಹಳೆಯ ವಸ್ತು ಇತ್ತು, ಸಾವಿರದ ಎಂಟುನೂರ ಅರವತ್ತರ ಹಿತ್ತಾಳೆಯ ಲಿಂಕನ್ ಬಿಲ್ಲೆ. ಮುಖಕ್ಕೆ ಇನ್ನೂ ಗಡ್ಡ ಬಂದಿಲ್ಲ. ಅದು ಅವಳ ಮುತ್ತಜ್ಜನ ಅಪ್ಪ ಎಲಿಷಾ ಕೋಲ್‌ನದು. ಆ ವರ್ಷ ಶರತ್ಕಾಲದಲ್ಲಿ ಇಪ್ಪತ್ತರ ಎಲಿಷಾ ಬಡಿಗೆಯ ತುದಿಗೆ ದೀವಟಿಗೆ ಕಟ್ಟಿಕೊಂಡು ಇದೇ ಊರಿನ ಬೀದಿಯಲ್ಲಿ ಮೆರವಣಿಗೆ ಹೋದ. ಲಿಂಕನ್ನನ ತಲೆಯ ಮೇಲಿನ ನಕ್ಷತ್ರಕ್ಕೆ ಮೊಳೆ ಹೊಡೆದವನು ಅವನೇ.

“ಗೆದ್ದವರ ಬಿಲ್ಲೆ ಮಾರ್ಚಿಗೆ ಪೆಟ್ಟಿಗೆ ಸೇರ್ತದೆ” ಎನ್ನುತ್ತಾರೆ ವರ್ಲಿನ್. “ಆಗೆಲ್ಲ ಪ್ರಮಾಣವಚನ ಮಾರ್ಚಿನಲ್ಲಿ, ಅದಾಯ್ತು, ಇನ್ನೇನು ಅಂತ. ಸೋತವರದು ಹಂಗಲ್ಲ, ಹಟಕ್ಕೆ ಹಾಕ್ಕೊಂಡೇ ಇರ್ತಾರೆ. ದಾರ ಉಜ್ಜೀ ಉಜ್ಜೀ ತೂತು ಮೇಲ್ಗಡೆಗೆ ಉದ್ದ ಆಗಿರ್ತದೆ. ಎಲಿಷಾನದು ಗೆದ್ದವನದೇ. ಆದ್ರೆ ಐದು ವರ್ಷಕ್ಕೆ ಲಿಂಕನ್ನನಿಗೆ ಗುಂಡು ಬಿತ್ತಲ್ಲ. ಆಮೇಲೆ ಅವನು ತೆಗೀಲೇ ಇಲ್ಲ. ಸಾಯೋವರೆಗೂ ಭಾನುವಾರದ ಕೋಟಿನ ಮೇಲೆ ಅದು. ಆ ತೂತಿನೊಳಗೆ ಬೆರಳು ಸವರಿದ್ರೆ ಹಾಲುಹಲ್ಲು ಮುಟ್ಟಿದಂಗೆ ನುಣ್ಣಗೆ.”

ಸಾವಿರದ ಒಂಬೈನೂರ ಎಪ್ಪತ್ತೊಂಬತ್ತರಲ್ಲಿ ನಡೀನಳಿಗೆ ಮನ್ಸಿ ಎಂಬ ಊರಿನ ಕಾಲೇಜಿನಲ್ಲಿ ನರ್ಸಿಂಗ್ ಸೀಟು ಸಿಕ್ಕಿತು. ಅಲ್ಲಿಗೆ ದಿನಾ ಹೋಗಿಬರಲು ಕಾರು ಬೇಕು. ಬಿಲ್ಲೆ ಮಾರೋಣ ಅಂದವಳು ನಡೀನಳೇ. ತೂತಿನ ಬಿಲ್ಲೆಗೆ ಮೂವತ್ತು ಡಾಲರ್ ಕೊಡುತ್ತೇನೆ ಅಂದ ಒಬ್ಬ ವ್ಯಾಪಾರಿ. ವರ್ಲಿನ್ನರಿಗೆ ಹುಮ್ಮಸ್ಸು. ನಾಲ್ಕು ಸಂಜೆ ಕೂತು ತೂತು ಮುಚ್ಚಿದರು, ನಕ್ಷತ್ರ ಕೆತ್ತಿದರು. ಇನ್ನೊಬ್ಬ ವ್ಯಾಪಾರಿ ಅದನ್ನು ಅಖಂಡವೆಂದೇ ನಂಬಿ ಇನ್ನೂರ ಹತ್ತು ಕೊಟ್ಟ. ವರ್ಲಿನ್ ಬಾಯಿ ಬಿಡಲಿಲ್ಲ.

“ಮನೆಗೆ ಬಂದು ದುಡ್ಡು ಮೇಜಿನ ಮೇಲಿಟ್ಟೆ. ಅವಳು ಎರಡು ದಿನ ಮಾತಾಡ್ಲಿಲ್ಲ. ಮೂರನೇ ದಿನ ಹೇಳಿದ್ಲು, ಮಾರಿದ್ದಕ್ಕೆ ನಂಗೆ ಬೇಜಾರಿಲ್ಲ ಕಣೋ, ಮುಚ್ಚಿದ್ದಕ್ಕೆ. ಆ ತೂತೊಂದೇ ನಮ್ಮಜ್ಜ ಮಾಡಿದ್ದು. ಮಿಕ್ಕಿದ್ದೆಲ್ಲ ಯಾವುದೋ ಕಾರ್ಖಾನೆಯೋರು ಮಾಡಿದ್ದು. ನೀನು ಅಜ್ಜನ್ನ ಅಳಿಸಿ ಲಿಂಕನ್ನನ್ನ ಉಳಿಸಿದೆ.”

ಅವರು ಭೂತಗನ್ನಡಿ ತೆಗೆದು ಒರೆಸುತ್ತಾರೆ. ಒರೆಸಿದ್ದನ್ನೇ ಒರೆಸುತ್ತಾರೆ.

“ಆವತ್ತಿಂದ ಚುಕ್ಕೆ ಹಾಕ್ತೀನಿ. ಅದೊಂದಕ್ಕೆ ಮಾತ್ರ ಹಾಕಿಲ್ಲ.”

ಆಮೇಲೆ ವರ್ಲಿನ್ ಆ ಬಿಲ್ಲೆಯನ್ನು ಹುಡುಕುತ್ತಲೇ ಇದ್ದಾರೆ. ಕೊಂಡವನು ಒಹಾಯೊ ಕಡೆ ಮಾರಿ, ಸತ್ತ. ಕಾರ್ಖಾನೆ ಬಾಗಿಲು ಹಾಕಿದ ಮೇಲೆ ತೂತು ಮುಚ್ಚುವುದೇ ಜೀವನವಾಯಿತು. ವರ್ಷಕ್ಕೆ ಇಪ್ಪತ್ತು ಇಪ್ಪತ್ತೆರಡು ಸಂತೆ, ಡೇಟನ್, ಫೋರ್ಟ್ ವೇಯ್ನ್, ಲೂಯಿವಿಲ್. ಎಲ್ಲಿ ಹೋದರೂ ಮೊದಲು ಗಡ್ಡವಿಲ್ಲದ ಲಿಂಕನ್ನರನ್ನೆಲ್ಲ ನೋಡಿಯೇ ಮೇಜು ಬಿಚ್ಚುವುದು. ನಡೀನ್ ಮೂವತ್ತನಾಲ್ಕು ವರ್ಷ ನರ್ಸಾಗಿ ದುಡಿದಳು. ಹೋಗಿ ಮೂರು ವರ್ಷವಾಯಿತು. ಕೊನೆಯ ವಾರ ಆಸ್ಪತ್ರೆಯಲ್ಲಿ, ಸಿಕ್ತೇನೋ ಎಂದು ಕೇಳಿದಳಂತೆ. ಯಾವುದು ಎಂದು ಇವರು ಕೇಳಲಿಲ್ಲ. ಇಲ್ಲ ಅಂದರು.

“ಸಿಕ್ಕಿದ್ರೆ ಏನ್ಮಾಡ್ತೀರಿ?”

“ಮೊಳೆ ತಗೊಂಡು ಮತ್ತೆ ತೂತು ಹೊಡೀತೀನಿ.” ಉಳಿಯನ್ನು ಮತ್ತೆ ಕೈಗೆತ್ತಿಕೊಂಡು ಹೇಳುತ್ತಾರೆ, “ಎಲಿಷಾನ ತೂತು ಬರಲ್ಲ. ಗೊತ್ತು. ನನ್ನ ಚೂರು ಕಿತ್ತು ಬಿದ್ರೆ ಸಾಕು. ರಿಬ್ಬನ್ ಕಟ್ಟಿ ಅವಳ ನರ್ಸ್ ಕೋಟಿನ ಮೇಲೆ ಹಾಕ್ತೀನಿ. ಆ ಕೋಟು ಹಂಗೇ ಇದೆ.”

ಇಂಥ ಮನುಷ್ಯ ಇವತ್ತು ಬೆಳಿಗ್ಗೆ ಕೆಸಿಂಜರನ ಗಾಜಿನ ಮೇಲೆ ಕೈ ಇಟ್ಟರು. ಮೇಲಿನ ಸಾಲು, ಮೂರನೆಯದು. ಗಡ್ಡವಿಲ್ಲದ ಲಿಂಕನ್, ಹಿತ್ತಾಳೆ, ತೂತಿಲ್ಲ, ಚುಕ್ಕೆಯೂ ಇಲ್ಲ. ಕೆಸಿಂಜರನ ಕೈಬರಹದ ಚೀಟಿ, ಸಾವಿರದ ನಾನೂರು ಡಾಲರ್.

ಹನ್ನೆರಡರ ಹೊತ್ತಿಗೆ ಶೆಡ್ಡು ತುಂಬಿದೆ. ಬಾಗಿಲ ಬಳಿ ಚರ್ಚಿನ ಹೆಂಗಸರು ಬನ್ನಿನಾಚೆ ಎರಡು ಇಂಚು ಇಣುಕುವ ಹಂದಿಮಾಂಸದ ಸ್ಯಾಂಡ್‌ವಿಚ್ ಮಾರುತ್ತಿದ್ದಾರೆ. ಇಮೋಜೀನ್ ಒಂದು ಕೈಯಲ್ಲಿ ಸ್ಯಾಂಡ್‌ವಿಚ್ ಹಿಡಿದು ಎದ್ದು ಕೆಸಿಂಜರನ ಮೇಜಿಗೆ ಹೋಗುತ್ತಾಳೆ. ವ್ಯಾಪಾರಿ ವ್ಯಾಪಾರಿಗೆ ಮಾಲು ಕೊಟ್ಟು ತೋರಿಸುವುದು ಇಲ್ಲಿನ ರೂಢಿ, ಇಲ್ಲ ಅನ್ನುವಂತಿಲ್ಲ. ಬಿಲ್ಲೆಯನ್ನು ತಂದು ವರ್ಲಿನ್ನರ ದೀಪದ ಕೆಳಗಿಡುತ್ತಾಳೆ.

“ಐದು ನಿಮಿಷ” ಎನ್ನುತ್ತಾಳೆ. “ಎಣ್ಣೆ ಕೈ ನಂದು, ನೀನೇ ಮುಟ್ಟು.”

ವರ್ಲಿನ್ ಮುಟ್ಟುವುದಿಲ್ಲ. ಮೊದಲು ಸುಮ್ಮನೆ ನೋಡುತ್ತಾರೆ. ಆಮೇಲೆ ಭೂತಗನ್ನಡಿ ಹಾಕಿಕೊಂಡು ನೋಡುತ್ತಾರೆ. ತಲೆಯ ಮೇಲಿನ ನಕ್ಷತ್ರದ ಐದು ಕಾಲುಗಳಲ್ಲಿ ಎಡಗಡೆಯದು ಒಂದು ಕೂದಲಿನಷ್ಟು ಗಿಡ್ಡ.

“ಆವತ್ತು ನಡೀನ್ ಊಟಕ್ಕೆ ಕರೆದಿದ್ಲು” ಎನ್ನುತ್ತಾರೆ. “ಬಾ, ಆರ್ತದೆ ಅಂದ್ಲು. ತಿರುಗಿ ನೋಡಿದೆ. ಉಳಿ ಅಲ್ಲೇ ನಿಂತುಬಿಡ್ತು.”

ಬಿಲ್ಲೆಯನ್ನು ಬೆರಳ ತುದಿಯ ಮೇಲೆ ನಿಲ್ಲಿಸಿ ಪೆನ್ಸಿಲಿನಿಂದ ಮೆಲ್ಲಗೆ ತಟ್ಟುತ್ತಾರೆ. ಅಖಂಡ ಹಿತ್ತಾಳೆ ಗಂಟೆಯ ಹಾಗೆ ಎಳೆದು ಹಾಡುತ್ತದೆ. ಮುಚ್ಚಿದ್ದು ಹಾಡುವುದಿಲ್ಲ. ಇದು ಟಕ್ ಎಂದು ಸುಮ್ಮನಾಗುತ್ತದೆ. ಇಮೋಜೀನ್ ಅಗಿಯುವುದನ್ನು ನಿಲ್ಲಿಸುತ್ತಾಳೆ.

ಅಷ್ಟರಲ್ಲಿ ಡೇಟನ್ನಿನ ಹಲ್ಲಿನ ಡಾಕ್ಟರೊಬ್ಬ ಕೆಸಿಂಜರನ ಮೇಜಿನ ಎದುರು ಚೆಕ್‌ಬುಕ್ ತೆಗೆದು ನಿಂತಿದ್ದಾನೆ. ಮೂರನೆಯದು ಎಲ್ಲಿ ಹೋಯಿತು ಎಂದು ಕೇಳುತ್ತಿದ್ದಾನೆ. ವರ್ಲಿನ್ ಬಿಲ್ಲೆಯನ್ನು ಅಂಗೈಯಲ್ಲಿಟ್ಟುಕೊಂಡು ತಾವೇ ಎದ್ದು ಹೋಗುತ್ತಾರೆ. ಡಾಕ್ಟರನ ಎದುರು ಏನೂ ಹೇಳುವುದಿಲ್ಲ. ಮೇಜನ್ನು ಬಳಸಿ ಕೆಸಿಂಜರನ ಪಕ್ಕ ಹೋಗಿ, ತಗ್ಗಿದ ದನಿಯಲ್ಲಿ ಹೇಳುತ್ತಾರೆ.

“ಡ್ವೈಟ್, ಇದು ಮುಚ್ಚಿದ್ದು. ಮುಚ್ಚಿದೋನು ನಾನೇ.”

“ಚುಕ್ಕೆ ಇಲ್ಲ.”

“ಚುಕ್ಕೆ ಹಾಕೋಕೆ ಮುಂಚಿಂದು. ತಟ್ಟಿ ನೋಡು.”

ಕೆಸಿಂಜರ್ ತಟ್ಟಿ ನೋಡುತ್ತಾನೆ. ಒಂದು ಸಲ, ಎರಡು ಸಲ. ಬೇರೆ ಬೆರಳ ಮೇಲಿಟ್ಟು ಮೂರನೆಯ ಸಲ. ಡಾಕ್ಟರನಿಗೆ, ಅದು ಮಾರಾಟಕ್ಕಿಲ್ಲ, ಕ್ಷಮಿಸಿ, ಊಟ ಮಾಡಿ ಬನ್ನಿ, ಬೇರೆ ತೋರಿಸುತ್ತೇನೆ ಎನ್ನುತ್ತಾನೆ. ಅವನು ಹೋದ ಮೇಲೆ ವರ್ಲಿನ್ ಕಡೆ ತಿರುಗುತ್ತಾನೆ.

“ಸಾವಿರದ ನೂರು ಕೊಟ್ಟು ತಂದಿದೀನಿ ಇದನ್ನ.”

“ಮುಚ್ಚಿದ್ದಕ್ಕೆ ತೊಂಬತ್ತು ನಡೀತದೆ. ನಾನು ಇನ್ನೂರು ಕೊಡ್ತೀನಿ. ಈಗಲೇ. ಇಷ್ಟೇ ಇರೋದು.”

“ಓಹೋ. ಮಾಲಿಗೆ ಮಸಿ ಬಳಿದು ಅಗ್ಗಕ್ಕೆ ಹೊಡ್ಕೊಂಡು ಹೋಗೋ ಆಟ.”

“ಅಲ್ಲ ಅಂತ ನಿನಗೇ ಗೊತ್ತು.”

ಕೆಸಿಂಜರ್ ಬೆಲೆಯ ಚೀಟಿಯನ್ನು ಮಡಚಿ ಜೇಬಿಗಿಡುತ್ತಾನೆ. “ಹಂಗಾದ್ರೆ ನನಗೆ ಟೋಪಿ ಹಾಕಿದೋನು ನೀನೇ ಆದೆ” ಎನ್ನುತ್ತಾನೆ. ಬೆಳಗಿನ ದನಿಯಲ್ಲ. “ನಲವತ್ತೈದು ವರ್ಷದ ಕೆಳಗೆ ಹಾಕಿದ್ದು ಈಗ ನನ್ನ ತಲೆ ಮೇಲೆ ಕೂತಿದೆ.”

“ಹೌದು” ಎನ್ನುತ್ತಾರೆ ವರ್ಲಿನ್.

ಅವನ ಮೇಲೆ ಬೆಳಿಗ್ಗೆಯಿಂದ ನನಗೆ ಕೋಪ ಕುದಿಯುತ್ತಿದೆ. ಆದರೂ ಬರೆಯಬೇಕು, ಆ ಒಂದು ಮಾತಿನಲ್ಲಿ ಕೆಸಿಂಜರ್ ಹೇಳಿದ್ದು ಸುಳ್ಳಲ್ಲ.

ಕೆಸಿಂಜರ್ ಬಿಲ್ಲೆಯನ್ನು ನೋಡುತ್ತಾನೆ, ವರ್ಲಿನ್ನರ ಮುಖ ನೋಡುತ್ತಾನೆ. ವ್ಯಾಪಾರಿ ಅವನು, ಎದುರಿನವನಿಗೆ ಏನು ಬೇಕು ಎಂದು ಕಂಡುಹಿಡಿಯಲು ಅವನಿಗೆ ಭೂತಗನ್ನಡಿ ಬೇಕಿಲ್ಲ. ಮೇಜಿನ ಕೆಳಗೆ ಬಗ್ಗಿ ಒಂದು ಸಿಗಾರ್ ಡಬ್ಬಿ ತೆಗೆದು ಮುಚ್ಚಳ ತೆರೆಯುತ್ತಾನೆ. ಒಳಗೆ ಹತ್ತಿಯ ಮೇಲೆ ಆರು ಬಿಲ್ಲೆ. ಆರಕ್ಕೂ ತೂತು.

“ನಿನ್ನ ಇನ್ನೂರು ನೀನೇ ಇಟ್ಕೋ. ಇದನ್ನ ಸುಮ್ನೆ ತಗೊಂಡು ಹೋಗು” ಎಂದು ಬಿಲ್ಲೆಯನ್ನು ವರ್ಲಿನ್ನರ ಅಂಗೈ ಮೇಲೆ ಇಡುತ್ತಾನೆ. “ಈ ಆರನ್ನ ಮುಚ್ಚಿಕೊಡು. ಚುಕ್ಕೆ ಬೇಡ. ಕೂಲಿ ಬೇಕಾದ್ರೂ ಕೊಡ್ತೀನಿ. ನನ್ನ ನಷ್ಟ ನಾನು ತುಂಬ್ಕೊಳ್ತೀನಿ, ನಿನ್ನ ಸಾಮಾನು ನಿನಗೆ ಸಿಗ್ತದೆ. ಯಾರಿಗೆ ಗೊತ್ತಾಗ್ತದೆ?”

ವರ್ಲಿನ್ ಬೆರಳುಗಳನ್ನು ಮಡಚುತ್ತಾರೆ. ಮುಷ್ಟಿಯೊಳಗೆ ಹೆಬ್ಬೆರಳು ಆಡುವುದು ಕಾಣುತ್ತದೆ. ಲಿಂಕನ್ನನ ತಲೆಯ ಮೇಲೆ, ಮೊದಲು ತೂತಿದ್ದ ಕಡೆ, ಅದು ಹೋಗುತ್ತದೆ, ಬರುತ್ತದೆ. ಇಮೋಜೀನ್ ಎದ್ದು ನಿಂತಿದ್ದಾಳೆ. ಚರ್ಚಿನ ಹೆಂಗಸೊಬ್ಬಳು ಸೇಬಿನ ಪೈ ಮುಗೀತಾ ಬಂತು ಎಂದು ಕೂಗುತ್ತಿದ್ದಾಳೆ.

“ಏನಂತೀಯ?” ಕೆಸಿಂಜರ್ ಕೇಳುತ್ತಾನೆ. “ಬೇಡ್ವಾ ನಿನಗೆ?”

ವರ್ಲಿನ್ ಮುಷ್ಟಿ ಬಿಚ್ಚುತ್ತಾರೆ. ಬಿಲ್ಲೆಯನ್ನು ಎರಡು ಬೆರಳಲ್ಲಿ ಎತ್ತಿ ಕಪ್ಪು ಮಖಮಲ್ಲಿನ ಮೇಲೆ ಇಡುತ್ತಾರೆ. ಓರೆಯಾಗಿ ಬಿದ್ದದ್ದನ್ನು ತಿರುಗಿಸಿ ಮುಖ ನೆಟ್ಟಗೆ ಮಾಡುತ್ತಾರೆ. ಕೆಸಿಂಜರ್ ಮತ್ತೆ ಅದೇ ಮಾತು ಕೇಳುತ್ತಾನೆ, ಈ ಸಲ ಹೆಸರು ಹಿಡಿದು. ಅವರು ಆಗಲೇ ಬೆನ್ನು ತಿರುಗಿಸಿ ಜನರ ನಡುವೆ ದಾರಿ ಮಾಡಿಕೊಂಡು ನಡೆಯುತ್ತಿದ್ದಾರೆ.